ಮೊಲದ ಬ್ರೆಡ್ಡು

ಮುರಳೀಧರ ನನ್ನ ತಮ್ಮನ ಮಗ. ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ಅಧಿಕಾರಿಯಾಗಿದ್ದ. 1997ರ ಆಗಸ್ಟಿನ ಒಂದು ಬೆಳಿಗ್ಗೆ ನಂಜನಗೂಡಿನ ನಮ್ಮ ಮನೆಗೆ ಬಂದವನು ಶೂ ಬಿಚ್ಚಲಿಲ್ಲ. ಹೊಸ್ತಿಲಾಚೆ ನಿಂತೇ ಒಂದು ಫ್ಯಾಕ್ಸ್ ಹಾಳೆಯ ಜೆರಾಕ್ಸ್ ಪ್ರತಿ ಚಾಚಿದ.

"ಅತ್ತೆ, ಇದನ್ನ ಕನ್ನಡಕ್ಕೆ ಮಾಡಿಕೊಡಿ. ಸಾಯಂಕಾಲ ಡ್ರೈವರ್ ಬರ್ತಾನೆ."

"ಒಳಗೆ ಬಾರೋ, ಕಾಫಿ ಇಳಿದಿದೆ."

"ಟೈಮಿಲ್ಲ. ಆ ಮಾದೇಶನ ಕೇಸು ಇದು. ಕಂಪನಿ ಬ್ರೆಡ್ಡು ಕದ್ದು ಸಿಕ್ಕಿಬಿದ್ದ. ಬ್ರಾಂಟ್ ಸಾಹೇಬರೇ ಕೊಟ್ಟರು, ಬೇಕಾದರೆ ಅವರನ್ನೇ ಕೇಳಿ ಅಂದ. ಕೇಳಿದ್ವಿ. ಆ ಮುದುಕ ಪುರಾಣ ಬರೆದು ಕಳಿಸಿದ್ದಾನೆ. ನೀವು ಪೂರ್ತಿ ಮಾಡಬೇಡಿ, ಸಾರಾಂಶ ಸಾಕು."

ನನಗೆ ಜರ್ಮನ್ ಬರುವುದಕ್ಕೆ ಕಾರಣ ರಸಾಯನಶಾಸ್ತ್ರ. ಐವತ್ತರ ದಶಕದಲ್ಲಿ ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ, ಜರ್ಮನ್ ಗೊತ್ತಿಲ್ಲದೆ ಕೆಮಿಸ್ಟ್ರಿ ಓದುವುದು ಒಂದೇ ಕಣ್ಣಿನಲ್ಲಿ ನೋಡಿದ ಹಾಗೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಎರಡು ವರ್ಷ ಸಂಜೆ ತರಗತಿಗೆ ಹೋದೆ. ಆಮೇಲೆ ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ಜರ್ಮನ್ ಉಳಿದದ್ದು ಬೀರುವಿನಲ್ಲಿದ್ದ ನಿಘಂಟಿನಲ್ಲಿ ಮಾತ್ರ. ನಿವೃತ್ತಿಯಾದ ಮೇಲೆ ಅದಕ್ಕೆ ಮತ್ತೆ ಕೆಲಸ ಬಂತು. ಆ ಕಾರ್ಖಾನೆಯವರು ಬಾಟಲಿ ಮುಚ್ಚಳ ಮಾಡುವ ಯಂತ್ರವೊಂದನ್ನು ಜರ್ಮನಿಯಿಂದ ತರಿಸಿದರು. ಜೋಡಿಸಿ ಕೊಡಲು ಓಟ್ಟೊ ಬ್ರಾಂಟ್ ಎಂಬ ಫಿಟ್ಟರ್ ಬಂದರು. ಅರವತ್ತು ದಾಟಿದ, ಭುಜ ಬಾಗಿದ ಮನುಷ್ಯ. ಅವರಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಅಂಕಿ ಮತ್ತು ಅಳತೆ ಅಷ್ಟೇ. ಹಾಗಾಗಿ ನಾಲ್ಕು ತಿಂಗಳು, ವಾರಕ್ಕೆ ಮೂರು ಬೆಳಿಗ್ಗೆ, ನಾನು ಕಾರ್ಖಾನೆಯ ಕಾರಿನಲ್ಲಿ ಹೋಗಿ ಅವರ ಮಾತನ್ನು ಕನ್ನಡಕ್ಕೆ, ಕನ್ನಡದ ಮಾತನ್ನು ಅವರಿಗೆ ದಾಟಿಸುತ್ತಿದ್ದೆ. ಹನ್ನೆರಡೂವರೆಗೆ ಊಟಕ್ಕೆ ಮನೆಗೆ ಬಂದುಬಿಡುತ್ತಿದ್ದೆ. ಹೊರಗೆ ಊಟ ಮಾಡುವ ಅಭ್ಯಾಸ ನನಗಿರಲಿಲ್ಲ.

ಮಾದೇಶ್ ಆ ಯಂತ್ರದ ಹೆಲ್ಪರ್. ಟಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ನಾನು ಕೂರುವ ಸ್ಟೂಲಿನ ಮೇಲೆ ಯಾವಾಗಲೂ ಎಣ್ಣೆ ಜಿಡ್ಡು ಇರುತ್ತಿತ್ತು. ನನ್ನ ಕಾರು ಬಂದ ಸದ್ದಾದರೆ ಅವನು ಒಂದು ರಟ್ಟು ಹರಿದು ಅದರ ಮೇಲೆ ಹಾಕಿಡುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಬ್ರಾಂಟ್ ಅವರಿಗೆ ಮಧ್ಯಾಹ್ನದ ಊಟ ಮೈಸೂರಿನ ಹೋಟೆಲಿನಿಂದ ಬರುತ್ತಿತ್ತು: ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ. ದುಡ್ಡು ಕಂಪನಿಯದು. ಅತಿಥಿಗಳ ಊಟ ಗೇಟು ದಾಟಕೂಡದು ಎಂದು ನಿಯಮವಿತ್ತು. ಅವರು ಊರಿಗೆ ಹೊರಟದ್ದು ಒಂದು ಶುಕ್ರವಾರ ಮಧ್ಯಾಹ್ನ. ಅದೇ ಸಂಜೆ ಐದು ಗಂಟೆಗೆ ಗೇಟಿನಲ್ಲಿ ಮಾದೇಶನ ಚೀಲ ತೆಗೆಸಿದರು. ಒಳಗೆ ಬೆಣ್ಣೆಕಾಗದದಲ್ಲಿ ಸುತ್ತಿದ ಬ್ರೆಡ್ಡು ಸಿಕ್ಕಿತು. ಕಳ್ಳತನ ಎಂದು ಬರೆದು ಅವನನ್ನು ಸಸ್ಪೆಂಡ್ ಮಾಡಿದರು. ವಿಚಾರಣೆಯಲ್ಲಿ ಸಾಬೀತಾದರೆ ಆರು ವರ್ಷದ ಕೆಲಸ ಹೋಗುತ್ತದೆ. ಗುತ್ತಿಗೆಯ ಕೂಲಿಯವರನ್ನು ಖಾಯಂ ಮಾಡಿ ಎಂಬ ಅರ್ಜಿಗೆ ಸಹಿ ಹಾಕಿಸಿಕೊಂಡು ಓಡಾಡುತ್ತಿದ್ದವನೂ ಅವನೇ ಎಂಬುದು ನನಗೆ ಆಮೇಲೆ ತಿಳಿಯಿತು.

ಫ್ಯಾಕ್ಸು ಕೈಬರಹದಲ್ಲಿತ್ತು. ಮೊದಲ ನಾಲ್ಕು ಸಾಲು ಸುಲಭ. 'ಆ ಬ್ರೆಡ್ಡನ್ನು ಕೊಟ್ಟವನು ನಾನು. ಅದು ಹಾಜನ್‌ಬ್ರೋಟ್' ಎಂದು ಬರೆದಿದ್ದರು. ಹಾಜ ಎಂದರೆ ಮೊಲ, ಬ್ರೋಟ್ ಎಂದರೆ ಬ್ರೆಡ್ಡು. ನಿಘಂಟಿನಲ್ಲಿ ನೋಡಿದರೆ ಅದು ಒಂದು ಜಾತಿಯ ಹುಲ್ಲಿನ ಹೆಸರು! ಕೆಲಸಕ್ಕೆ ಕೊಂಡೊಯ್ದು ತಿನ್ನದೆ ಮನೆಗೆ ವಾಪಸು ಬರುವ ಬ್ರೆಡ್ಡು ಎಂದು ಅವರೇ ಮುಂದಿನ ಸಾಲಿನಲ್ಲಿ ವಿವರಿಸಿದ್ದರು. ಅದರ ಕೆಳಗೆ ಅವರ ಅಪ್ಪನ ವಿಷಯ, ಬಾಲ್ಯದ ವಿಷಯ ಉದ್ದಕ್ಕಿತ್ತು. ಸಾರಾಂಶ ಸಾಕು ಎಂದಿದ್ದನಲ್ಲ, ಅದನ್ನು ಬಿಟ್ಟೆ.

ಒಬ್ಬರು ಊಟಕ್ಕೆಂದು ಬಿಚ್ಚಿದ ಬುತ್ತಿಯಲ್ಲಿ ಉಳಿದದ್ದಕ್ಕೆ ನಮ್ಮ ಮನೆಯಲ್ಲಿ ಒಂದೇ ಮಾತು. ಯೋಚಿಸಲೇ ಇಲ್ಲ. 'ಅದು ನಾನು ತಿಂದು ಉಳಿಸಿದ ಎಂಜಲು ಬ್ರೆಡ್ಡು. ನಾನೇ ಮಾದೇಶನಿಗೆ ಕೊಟ್ಟೆ' ಎಂದು ದುಂಡಗೆ ಬರೆದು, ಕೆಳಗೆ ತಂಗಮ್ಮ, ಬಿ.ಎಸ್ಸಿ., ಎಂದು ಸಹಿ ಹಾಕಿದೆ. ಎಂಜಲು ತೆಗೆದುಕೊಂಡವನನ್ನು ಕಳ್ಳ ಎನ್ನಲಾಗುವುದಿಲ್ಲ, ಹುಡುಗ ಬಚಾವಾದ ಎಂದೇ ನನ್ನ ಎಣಿಕೆ. ಆ ರಾತ್ರಿ ನೆಮ್ಮದಿಯಿಂದ ನಿದ್ದೆ ಬಂತು.

ಮಂಗಳವಾರ ವಿಚಾರಣೆ. ಅನುವಾದ ನನ್ನದೇ ಎಂದು ಹೇಳಲು ನಾನೂ ಹೋಗಬೇಕಾಯಿತು. ಕಂಪನಿಯವರು ವಿಚಾರಣೆಗೆ ನೇಮಿಸಿದ್ದ ಮೈಸೂರಿನ ವಕೀಲ ಗಂಗಾಧರಸ್ವಾಮಿ ಮೇಜಿನ ಹಿಂದೆ ಕುಳಿತಿದ್ದರು. ಮಗ್ಗುಲಲ್ಲಿ ಮುರಳೀಧರ. ಚೀಲ ತೆಗೆಸಿದ ಗೇಟಿನ ಕಾವಲುಗಾರ ಮಹದೇವಯ್ಯ ಗೋಡೆಗೆ ಒರಗಿ ನಿಂತಿದ್ದ. ನಾನು ಬಂದದ್ದು ಕಂಡು ಅವನು ಕುರ್ಚಿಯೊಂದನ್ನು ಎತ್ತಿ ಫ್ಯಾನಿನ ಕೆಳಗೆ ಇಟ್ಟು, ಮತ್ತೆ ಗೋಡೆಗೆ ಹೋದ. ಮಾದೇಶ್ ನಿಂತೇ ಇದ್ದ. ನನ್ನನ್ನು ನೋಡಿ ತಲೆ ಆಡಿಸಿದ. ಅವನಿಗೂ ನನ್ನಿಂದ ಒಳ್ಳೆಯದಾದೀತು ಎಂಬ ನಂಬಿಕೆಯಿತ್ತು.

ಗಂಗಾಧರಸ್ವಾಮಿ ನನ್ನ ಹಾಳೆಯನ್ನು ಗಟ್ಟಿಯಾಗಿ ಓದಿದರು. ಎಂಜಲು ಎಂಬ ಮಾತು ಬಂದಾಗ, ಹೌದೆಂದು ಆಡುತ್ತಿದ್ದ ಮಾದೇಶನ ತಲೆ ಅಲ್ಲೇ ನಿಂತಿತು.

"ಕಂಪನಿ ಏನೂ ಕಟುಕ ಅಲ್ಲ ಸಾರ್," ಎಂದ ಮುರಳೀಧರ. ದನಿ ಬೆಣ್ಣೆಯ ಹಾಗಿತ್ತು. "ಎಂಜಲು ತಗೊಂಡೆ, ತಪ್ಪಾಯ್ತು, ಇನ್ನು ಮೇಲೆ ತಗೊಳ್ಳಲ್ಲ ಅಂತ ಬರೆದು ಸಹಿ ಮಾಡಲಿ. ವಾರ್ನಿಂಗ್ ಕೊಟ್ಟು ವಾಪಸ್ ತಗೋತೀವಿ. ಕಾಗದದ ಒಂದು ಕಾಪಿ ನೋಟಿಸ್ ಬೋರ್ಡಿಗೆ ಹೋಗತ್ತೆ, ಅಷ್ಟೆ."

"ಯಾರು ಇದ ಬರ್ದೋರು?" ಎಂದ ಮಾದೇಶ್.

ಅವನು ನನ್ನ ಕಡೆ ತಿರುಗಿದ.

"ನೀವಾ, ಅಮ್ಮಾವ್ರೆ?"

"ಉಳಿದದ್ದು ಅನ್ನೋ ಅರ್ಥದಲ್ಲಿ ಬರೆದೆ ಮಾದೇಶ್. ನಿನಗೆ ಒಳ್ಳೇದಾಗಲಿ ಅಂತ."

"ಉಳ್ದುದ್ಕೂ ಎಂಜ್ಲುಗೂ ಏನ್ ವ್ಯತ್ಯಾಸ ಅಂತ ನಮಗಿಂತ ನಿಮ್ಮೋರ್‍ಗೇ ಚೆನ್ನಾಗ್ ಗೊತ್ತು."

"ಏಯ್, ಮರ್ಯಾದೆ ಇಟ್ಟು ಮಾತಾಡು," ಎಂದ ಮುರಳೀಧರ.

"ಮರ್ವಾದೇನೆ ಸಾ ನಾನೂ ಕೇಳ್ತಿರೋದು. ಕಳ್ಳ ಅಂತ ಬರ್ಕಳಿ. ಎಂಜ್ಲು ತಕ್ಕಂಡೋನು ಅಂತ ಮಾತ್ರ ಬರೀಬ್ಯಾಡಿ. ನಾ ಸೈನ್ ಆಕಲ್ಲ."

ಗಂಗಾಧರಸ್ವಾಮಿ ಕನ್ನಡಕ ತೆಗೆದರು. "ಕಳ್ಳ ಅಂತ ಬರೆದರೆ ಕೆಲಸ ಹೋಗತ್ತೆ ಕಣಯ್ಯಾ. ಬೇರೆ ಕಡೆನೂ ಸಿಗಲ್ಲ. ಹೆಂಡತಿ ಮಕ್ಕಳಿಲ್ಲವಾ?"

"ಅವ್ರೆ. ಅದಕ್ಕೇ ಏಳ್ತಿರೋದು."

ಶನಿವಾರದವರೆಗೆ ಸಮಯ ಕೊಟ್ಟರು. ಸಹಿ ಮಾಡಿದರೆ ವಾರ್ನಿಂಗ್, ಇಲ್ಲದಿದ್ದರೆ ಕಳ್ಳತನದ ತೀರ್ಮಾನ. ಕಾರಿನಲ್ಲಿ ಮುರಳೀಧರ ಮೊದಲ ಸಲ ನಕ್ಕ.

"ಕೊಬ್ಬು ನೋಡಿದ್ರಾ? ಸಹಿ ಮಾಡಿದ್ರೂ ಮುಗೀತು, ಮಾಡದಿದ್ರೂ ಮುಗೀತು. ಎಂಜಲು ತಿಂದೋನ ಹಿಂದೆ ಯಾರು ಅರ್ಜಿ ಹಿಡ್ಕೊಂಡು ಬರ್ತಾರೆ? ಪದ ಮಾತ್ರ ಚೆನ್ನಾಗಿ ಹುಡುಕಿಕೊಟ್ರಿ ಅತ್ತೆ."

ನನ್ನ ಕೆಲಸವನ್ನು ಅವನು ಹೊಗಳಿದ್ದು ಅದೊಂದೇ ಸಲ.

ಗುರುವಾರ ನಾನು ಬಸ್ಸು ಹಿಡಿದು ಟಿ. ನರಸೀಪುರಕ್ಕೆ ಹೋದೆ. ಊರಾಚೆಯ ಹೊಸ ಬೀದಿಯಲ್ಲಿ ಕೇಳಿದಾಗ ಒಬ್ಬಾಕೆ ಮನೆ ತೋರಿಸಿದಳು. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮಾದೇಶನ ಅಪ್ಪ ಚನ್ನಯ್ಯನ ಪಟ. ಮಾದೇಶ್ ಇರಲಿಲ್ಲ. ಅವನ ತಾಯಿ ಮಂಗಳಮ್ಮ ಜಗುಲಿಯಲ್ಲಿ ಅವರೆ ಬಿಡಿಸುತ್ತಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಹೆಸರು ಹೇಳಿದೆ.

"ಎಂಜ್ಲು ಅಂತ ಬರ್ದೋರು ನೀವೇಯಾ?"

"ಹೌದು."

"ಓದ್ದೋರಂತೆ."

"ಹೌದು."

"ಏನ್ ಓದುದ್ರೋ!" ಎಂದು ಅವರೆಸಿಪ್ಪೆಯನ್ನು ನನ್ನ ಕಾಲ ಪಕ್ಕಕ್ಕೆ ಎಸೆದರು. ಕೂತ್ಕೊಳ್ಳಿ ಎನ್ನಲಿಲ್ಲ. ನಾನು ನಿಂತೇ ಇದ್ದೆ.

"ಅಗೋ, ಅವ್ರೇ ನನ್ ಗಂಡ," ಎಂದು ಪಟದ ಕಡೆ ಗದ್ದ ತೋರಿಸಿದರು. "ನಾ ಮದ್ವೆಯಾಗಿ ಬಂದ ಒಸದ್ರಲ್ಲಿ, ದೊಡ್ಡೋರ ಮನೆ ಮದ್ವೆ ಆದ್ರೆ ನಾವು ಹೆಂಗಸ್ರು ಛತ್ರದ ಇಂದ್ಗಡೆ ಕುಕ್ಕೆ ಹಿಡ್ಕಂಡು ನಿಂತ್ಕೋಬೇಕು. ಎಲೆ ಬಂದು ಬೀಳೋವು. ಅದ್ರೊಳಗೆ ಸಿಕ್ಕುದ್ದ ಆರ್ಸ್ಕಂಡು ಬರ್ಬೇಕು. ನಾಯಿ ಜೊತೇಲಿ. ಒಂದಿನ ಇವ್ರು ಗುಂಡಿ ತೋಡಿ, ಬಂದ ಎಲೆನೆಲ್ಲ ಮಣ್ಣ್ ಮಾಡ್ಬುಟ್ರು. ಇನ್ಮುಂದೆ ನಮ್ಮ ಬೀದಿಯಿಂದ ಯಾರೂ ಬರಲ್ಲ ಅಂದ್ರು. ಆ ದೊಡ್ಡೋರು ಹೊಡ್ದ ಹೊಡೆತಕ್ಕೆ ಒಂದ್ ಕಿವಿ ಓಯ್ತು, ಸಾಯೋಗಂಟ ಕೇಳ್ನಿಲ್ಲ. ಆ ಮನ್ಸನ ಮಗ ಕಣ್ರವ್ವ ಅವ್ನು. ಅವನ್ ಹೆಸ್ರ ಮುಂದೆ ನೀವು ಎಂಜ್ಲು ಅಂತ ಬರ್ದ್ರಿ. ಕಾರ್ಖಾನೆ ಬಾಗ್ಲಲ್ಲಿ ಅಂಟಿಸ್ತಾರಂತೆ."

ನಾನು ಏನೋ ಹೇಳಹೊರಟೆ. ಅವರು ಕೈ ಅಡ್ಡ ಮಾಡಿದರು.

ಒಳಗಿನಿಂದ ಐದು ವರ್ಷದ ಹುಡುಗಿಯೊಂದು ಬಂದು ಅಜ್ಜಿಯ ಬೆನ್ನಿಗೆ ಅಂಟಿಕೊಂಡಿತು. ಮಾದೇಶನ ಮಗಳು ಕವನ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿತು: "ಮೊಲ ಊರ್‍ಗೆ ಓಯ್ತಾ?"

"ಯಾವ ಮೊಲ ಮಗು?"

"ನಾಲೆ ಏರಿ ಮೇಲಿನ್ ಮೊಲ. ಅಪ್ಪಂಗೆ ದಿನಾ ಬ್ರೆಡ್ ಕೊಡೋದು." ತಲೆಯ ಮೇಲೆ ಎರಡು ಬೆರಳು ನಿಲ್ಲಿಸಿ ತೋರಿಸಿತು. "ಬಾಲುಕ್ಕೆ ಉಪ್ಪಾಕುದ್ರೆ ಬುಟ್ಟು ಓಡೋಯ್ತದೆ."

"ಒಳಿಕ್ ಓಗು ಕೂಸೆ," ಎಂದು ಗದರಿದರು ಮಂಗಳಮ್ಮ.

ಬಾಲಕ್ಕೆ ಉಪ್ಪು. ನಾನು ಬಿಟ್ಟಿದ್ದ ಭಾಗದಲ್ಲಿ ಆ ಮಾತು ಇತ್ತು. ಕಣ್ಣಾಡಿಸಿ, ಮಕ್ಕಳ ಕಥೆ ಎಂದು ದಾಟಿಹೋಗಿದ್ದೆ. ನಾಲ್ಕು ತಿಂಗಳು, ಇಬ್ಬರಿಗೂ ಬರುವ ಒಂದು ಭಾಷೆಯೂ ಇಲ್ಲದ ಗಂಡಸರಿಬ್ಬರು ಯಂತ್ರದ ಪಕ್ಕ ಕುಳಿತು ಕೈಸನ್ನೆಯಲ್ಲಿ ದಾಟಿಸಿಕೊಂಡಿದ್ದ ಮಾತು ಅದು. ಇದ್ದ ಒಬ್ಬಳು ದುಭಾಷಿ ಆ ಹೊತ್ತಿಗೆ ಮನೆಯಲ್ಲಿ ಊಟಕ್ಕೆ ಕುಳಿತಿರುತ್ತಿದ್ದಳು.

"ಮಾದೇಶನಿಗೆ ಹೇಳಿ, ನಾನು ಬರೆದದ್ದು ತಪ್ಪು ಅಂತ ಶನಿವಾರ ಎಲ್ಲರ ಮುಂದೆ ಹೇಳ್ತೀನಿ," ಎಂದೆ.

"ನೀವ್ ಏಳಿ. ನಾ ಯಾಕ್ ಏಳ್ಲಿ?" ಎಂದರು.

ನೀರು ಬೇಕೇ ಎಂದು ಅವರು ಕೇಳಲಿಲ್ಲ. ಬೀದಿಯ ಕೊನೆಯವರೆಗೆ ಬಂದಿದ್ದೆ. ಹಿಂದಿನಿಂದ ಅವರ ದನಿ ಕೂಗಿತು: "ಆ ಕಡೆ ನಿಂತ್ಕಬ್ಯಾಡಿ. ನಂಜನಗೂಡು ಬಸ್ಸು ಅಲ್ಲಿ ನಿಲ್ಸಲ್ಲ. ಈ ಮರುದ್ ತಾವ ನಿಂತ್ಕಳಿ." ದನಿಯಲ್ಲಿ ಸಿಟ್ಟು ಹಾಗೇ ಇತ್ತು.

ಮನೆಗೆ ಬಂದು, ನನ್ನ ಬಳಿಯೇ ಉಳಿದಿದ್ದ ಜೆರಾಕ್ಸಿನ ಕೆಳಭಾಗ ಓದಿದೆ. ಓದುತ್ತಿದ್ದಂತೆ ನನ್ನ ಅಪ್ಪ ಕಣ್ಮುಂದೆ ಬಂದ. ಅಪ್ಪ ಪೌರೋಹಿತ್ಯಕ್ಕೆ ಹುಲ್ಲಹಳ್ಳಿ, ಚಿಕ್ಕಯ್ಯನಛತ್ರದವರೆಗೆ ನಡೆದು ಹೋಗುತ್ತಿದ್ದ. ಮದುವೆ ಮುಂಜಿಯ ಊಟದಲ್ಲಿ ಎಲೆಗೆ ಕೈ ಹಾಕುವ ಮೊದಲು ತನ್ನ ಪಾಲಿನ ಲಾಡು, ವಡೆ ಎತ್ತಿ ಉತ್ತರೀಯದ ತುದಿಗೆ ಕಟ್ಟಿಕೊಳ್ಳುತ್ತಿದ್ದ. ಸಂಜೆ ಜಗುಲಿಯಲ್ಲಿ ಕಾಯುತ್ತಿದ್ದ ನಮಗೆ, 'ದಾರಿಯಲ್ಲಿ ಒಂದು ಅಳಿಲು ಅಡ್ಡ ಹಾಕಿ ಕೊಟ್ಟಿತು ಕಣ್ರೇ' ಎನ್ನುತ್ತಿದ್ದ. ನಮ್ಮ ಕಾಲ ಮುಗಿದ ಮೇಲೆ ಅದೇ ಜಗುಲಿಯಲ್ಲಿ ಕಾಯುತ್ತಿದ್ದವನು ಮೊಮ್ಮಗ ಮುರಳೀಧರ. ಆ ಗಂಟಿಗೆ ನಾವು ಯಾರೂ ಎಂದೂ ಎಂಜಲು ಎನ್ನಲಿಲ್ಲ. ಆ ಪದ ನನಗೆ ಹೊಳೆದದ್ದು ಮಾದೇಶನ ಹೆಸರು ಪಕ್ಕದಲ್ಲಿದ್ದದ್ದರಿಂದ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೆ ಅದು ನಿಜ.

ಶನಿವಾರ ಮಾದೇಶ್ ನನ್ನ ಕಡೆ ನೋಡಲಿಲ್ಲ. ನಾನು ಎದ್ದು ನಿಂತು, ನನ್ನ ಅನುವಾದ ತಪ್ಪು, ಹೊಸದನ್ನು ತಂದಿದ್ದೇನೆ ಎಂದೆ.

"ಅತ್ತೆ, ಕೂತ್ಕೊಳ್ಳಿ," ಎಂದ ಮುರಳೀಧರ. "ಸಾರ್, ಇವರು ಮೊನ್ನೆ ಆರೋಪಿ ಮನೆಗೆ ಹೋಗಿದ್ರು ಅಂತ ನನಗೆ ಗೊತ್ತಾಗಿದೆ. ಈ ಎರಡನೇ ಕಾಗದ ತಗೋಬಾರದು."

"ಹೋಗಿದ್ದಿರಾ ಅಮ್ಮ?" ಎಂದರು ಗಂಗಾಧರಸ್ವಾಮಿ.

"ಹೋಗಿದ್ದೆ. ಅಲ್ಲಿ ನನಗೆ ಬೈಗುಳ ಬಿಟ್ಟು ಬೇರೇನೂ ಕೊಡಲಿಲ್ಲ. ಮೂಲ ಪತ್ರ ನಿಮ್ಮ ಮುಂದೆ ಇದೆ. ನಾನು ಎರಡು ಸಾಲು ಮಾಡಿದ್ದು, ಅಲ್ಲಿ ಇಪ್ಪತ್ತೆಂಟು ಸಾಲು ಇದೆ. ಎಣಿಸಿ ನೋಡಿ."

ಅವರು ಫ್ಯಾಕ್ಸು ತೆಗೆದು ನಿಜಕ್ಕೂ ಎಣಿಸಿದರು. ಆಮೇಲೆ, "ಓದಿ," ಎಂದರು.

ಓದಿದೆ.

'ಆ ಬ್ರೆಡ್ಡನ್ನು ಕೊಟ್ಟವನು ನಾನು. ಅದು ಹಾಜನ್‌ಬ್ರೋಟ್, ಮೊಲದ ಬ್ರೆಡ್ಡು. ಕೆಲಸಕ್ಕೆ ಕೊಂಡೊಯ್ದು ತಿನ್ನದೆ ಮನೆಗೆ ತರುವ ಬ್ರೆಡ್ಡಿಗೆ ನಮ್ಮ ಕಡೆಯ ಹಳಬರು ಹಾಗೆನ್ನುತ್ತಿದ್ದರು. ನನ್ನ ಅಪ್ಪ ರೈಲುಹಳಿಯ ಕೂಲಿ. ತಗಡಿನ ಡಬ್ಬಿಯಲ್ಲಿ ನಾಲ್ಕು ಹೋಳು ಒಯ್ಯುತ್ತಿದ್ದ. ಸಂಜೆ ಒಂದು ಹೋಳು ವಾಪಸು ಬರುತ್ತಿತ್ತು. ನಾವು ಗೇಟಿನವರೆಗೆ ಓಡುತ್ತಿದ್ದೆವು. ದಾರಿಯಲ್ಲಿ ಒಂದು ಮೊಲ ಸಿಕ್ಕಿತು, ಬಾಲಕ್ಕೆ ಉಪ್ಪು ಹಾಕಿದೆ, ಹೆದರಿ ಇದನ್ನು ಬಿಟ್ಟು ಓಡಿತು ಎನ್ನುತ್ತಿದ್ದ. ಅಂಚು ಒಣಗಿ ಮೇಲೆದ್ದ ಆ ಬ್ರೆಡ್ಡು ಮನೆಯ ಹೊಸ ಬ್ರೆಡ್ಡಿಗಿಂತ ರುಚಿಯಾಗಿರುತ್ತಿತ್ತು. ಅಪ್ಪನಿಗೆ ಮೂರು ಹೋಳು ಸಾಲುತ್ತಿರಲಿಲ್ಲ ಎಂದು ನನಗೆ ಗೊತ್ತಾಗುವಾಗ ಹನ್ನೊಂದು ವರ್ಷವಾಗಿತ್ತು. ಈಗ ಆ ಪದವನ್ನು ಯಾರೂ ಬಳಸುವುದಿಲ್ಲ. ನನ್ನ ಮೊಮ್ಮಕ್ಕಳು ಅದನ್ನು ಮೊಲಕ್ಕೆ ಹಾಕುವ ಮೇವು ಎಂದುಕೊಂಡಿದ್ದಾರೆ. ನಿಮ್ಮ ಊರಿನಲ್ಲಿ ನನಗೆ ಕಾಯುವ ಮಗುವಿರಲಿಲ್ಲ. ಮಾದೇಶನಿಗೆ ಇತ್ತು. ಅದಕ್ಕೆ ನಾನು ದಿನವೂ, ಊಟಕ್ಕೆ ಕೈ ಹಾಕುವ ಮೊದಲು, ಅಪ್ಪನ ಹಾಗೆ ಒಂದು ಪಾಲು ಬೇರೆ ಸುತ್ತಿ ಕಟ್ಟುತ್ತಿದ್ದೆ. ನಾಲ್ಕು ಗಂಟೆಗೆ ನನಗೆ ಹಸಿವಾಗುತ್ತಿತ್ತು. ಆಗುವುದು ಸರಿಯೇ. ಈ ಬ್ರೆಡ್ಡಿನ ಬೆಲೆ ಕಂಪನಿಗೆ ಬೇಕಿದ್ದರೆ ನನಗೆ ಬಿಲ್ಲು ಕಳಿಸಿ. ಆ ಮನುಷ್ಯನನ್ನು ಬಿಡಿ.'

"ಕಥೆ," ಎಂದ ಮುರಳೀಧರ. "ಎಂಜಲಿಗೆ ಮೊಲದ ವೇಷ. ಉಳಿದದ್ದು ಉಳಿದದ್ದೇ."

"ನಿನ್ನ ತಾತನ ಉತ್ತರೀಯದ ಗಂಟಿನಲ್ಲಿ ಇರುತ್ತಿದ್ದದ್ದು ಏನೋ?" ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. "ಜಗುಲಿಯಲ್ಲಿ ಕಾದು ಕೂತು, ಅಳಿಲು ಕೊಟ್ಟ ಲಾಡು ಎಂದು ಕಿತ್ತುಕೊಂಡು ತಿಂದವನು ನೀನು. ಅದು ಎಂಜಲಾಗಿದ್ದರೆ ಅದನ್ನೂ ಬರೆಸು. ಇವನ ಕಾಗದದ ಪಕ್ಕ ಅದನ್ನೂ ಅಂಟಿಸು."

ಅವನ ಮುಖ ಕಪ್ಪಿಟ್ಟಿತು. "ಎಲ್ಲಿ, ಯಾರ ಮುಂದೆ ಮಾತಾಡ್ತಾ ಇದೀರಿ ಅನ್ನೋ ಪ್ರಜ್ಞೆ ಇದೆಯಾ ನಿಮಗೆ? ತಾತನಿಗೂ ಇವನಿಗೂ ಹೋಲಿಸ್ತೀರಾ?"

"ಹೋಲಿಸ್ತೀನಿ."

"ಅರಳು ಮರಳು ಶುರುವಾಗಿದೆ ಸಾರ್ ಇವರಿಗೆ. ವಯಸ್ಸು."

ಆಗ ಗೋಡೆಯ ಕಡೆಯಿಂದ ಒಂದು ಕೆಮ್ಮು ಕೇಳಿತು. "ಸಾ, ಅದು ಮೊಲುದ್ ಕಿವಿಯಾ?" ಎಂದ ಮಹದೇವಯ್ಯ.

"ಏನದು?" ಎಂದರು ಗಂಗಾಧರಸ್ವಾಮಿ.

"ಆ ಸಾಯೇಬ್ರು ಊರ್‍ಗೊಂಟ ದಿವ್ಸ ಕಾರ ಗೇಟಲ್ಲಿ ನಿಲ್ಲುಸ್ದ್ರು. ಇವ್ನು ಬೀಳ್ಕೊಡಕ್ಕೆ ಅಂತ ಬಂದಿದ್ದ. ಇಳ್ದು ಪೊಟ್ಟಣ ಇವ್ನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ ತಲೆ ಮ್ಯಾಲೆ ಹಿಂಗೆ ಎರಡು ಬೆರಳಿಟ್ಕಂಡು ಕುಣುಸುದ್ರು. ಮುದುಕ್ರಿಗೆ ಬಿಸ್ಲು ತಲೆಗೇರದೆ ಅಂದ್ಕಂಡೆ. ಈಗ್ ಅರ್ತ ಆಯ್ತು."

"ಮಹದೇವಯ್ಯ, ನಿನ್ನನ್ನ ಯಾರೂ ಕೇಳಲಿಲ್ಲ," ಎಂದ ಮುರಳೀಧರ.

"ನಾನ್ ಕೇಳ್ತೀನಿ," ಎಂದ ಮಾದೇಶ್. ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕು ಅವನಿಗಿತ್ತು. "ಅಣ್ಣ, ಪೊಟ್ಟಣ ಬಿಚ್ಚಿದ್ದು ಯಾರು?"

"ನಾನೇಯ. ದಾರ ಬಿಗ್ದು ಕಟ್ಟಿತ್ತು. ಗಂಟ ಬಿಚ್ಚಕ್ಕಾಗ್ದೆ ಬ್ಲೇಡಲ್ಲಿ ಕುಯ್ದೆ."

"ಬ್ರೆಡ್ಡ ಯಾರಾದ್ರೂ ಕಚ್ಚಿದ್ರಾ?"

"ಇಲ್ಲ. ಅಂಗಡೀಲಿ ಕೊಟ್ಟಂಗಿತ್ತು."

"ಸಾಯೇಬ್ರು ಕೊಟ್ಟುದ್ದ ಕಣ್ಣಾರೆ ನೋಡಿ, ಸಾಯಂಕಾಲ ನನ್ ಚೀಲ ಯಾಕ್ ತೆಗುಸ್ದೆ?"

ಮಹದೇವಯ್ಯ ಮುರಳೀಧರನನ್ನು ನೋಡಿದ, ಆಮೇಲೆ ನೆಲ ನೋಡಿದ.

"ಪೋನ್ ಬಂತು. ಇವತ್ತು ಇವ್ನ ಚೀಲ ನೋಡು ಅಂತ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದರು ಗಂಗಾಧರಸ್ವಾಮಿ.

"ಪೋನ್ ಮಾಡ್ದೋರೇ ಕೇಳೋರಾಗಿದ್ರು ಸಾ," ಎಂದ ಮಹದೇವಯ್ಯ. "ನನಗೂ ಮಕ್ಳವ್ರೆ. ನಾಕ್ ಗಂಟೆಗೆ ಟೀ ಜೊತೆ ಕಂಪ್ನಿ ಕೊಡೋ ಬನ್ನ ನಾನೂ ತಿನ್ನಲ್ಲ, ಮಕ್ಳಿಗೆ ಅಂತ ಮಡಿಕ್ಕತೀನಿ. ನಾವ್ ಯಾರೂ ತಿನ್ನಲ್ಲ. ಇವತ್ತು ಇವಂದು ಎಂಜ್ಲಾದ್ರೆ ನಾಳಿಕ್ ನಂದೂವೆ."

ಗಂಗಾಧರಸ್ವಾಮಿ ಕಂಪನಿಯ ದುಡ್ಡಿನಲ್ಲಿ ಬಂದವರು, ಆದರೆ ಕಂಪನಿಯದೇ ಸಾಕ್ಷಿ ಬಾಯಿಬಿಟ್ಟ ಮೇಲೆ ಬರೆಯದೆ ಇರುವಂತಿರಲಿಲ್ಲ. 'ಆರೋಪ ಸಾಬೀತಾಗಿಲ್ಲ' ಎಂದು ಬರೆದರು. ನನ್ನ ಮೊದಲ ಹಾಳೆಯನ್ನು ಹರಿದುಹಾಕಿ ಎಂದು ಕೇಳಿದೆ. ಕಡತಕ್ಕೆ ಸೇರಿದ ಹಾಳೆ ಹರಿಯುವಂತಿಲ್ಲ ಎಂದರು. ಆ ಸಾಲಿಗೆ ಅಡ್ಡಗೆರೆ ಎಳೆಯಲು ಬಿಟ್ಟರು. ನನ್ನ ಸಹಿ ಅದರ ಕೆಳಗೆ ಹಾಗೇ ಉಳಿಯಿತು.

ಹೊರಗೆ ಬಂದಾಗ ಮಾದೇಶ್ ಗೇಟಿನ ಹತ್ತಿರ ಇದ್ದ. ಏನಾದರೂ ಹೇಳಬಹುದು ಎಂದು ನಿಂತೆ.

"ನೀವ್ ಬರ್ದುದ್ದ ನೀವೇ ಅಳ್ಸುದ್ರಿ. ಅದುಕ್ಕೆ ಥ್ಯಾಂಕ್ಸ್ ಏಳ್ಬೇಕಾ ಅಮ್ಮಾವ್ರೆ?"

"ಬೇಡ," ಎಂದೆ.

"ಊಂ," ಎಂದು ಹೊರಟುಹೋದ.

ಮಹದೇವಯ್ಯನನ್ನು ಮರುವಾರವೇ ಹಿಂದಿನ ಗೋಡೌನಿನ ಕಾವಲಿಗೆ ಹಾಕಿದರು. ನನ್ನ ತಮ್ಮ ಮನೆಗೆ ಬಂದು, 'ಮಗನ ಮಾನ ಹೊರಗಿನವರ ಮುಂದೆ ಕಳೆದೆ' ಎಂದು ಕೂಗಾಡಿದ. ಮುರಳೀಧರನ ತಂಗಿ ಸುಚೇತಾಳ ಮದುವೆಗೆ ನನಗೆ ಕರೆಯೋಲೆ ಬರಲಿಲ್ಲ. ಮದುವೆಯಾದ ಮೇಲೆ ಒಂದು ಮಧ್ಯಾಹ್ನ ಅವಳು ಒಬ್ಬಳೇ ಬಂದು, ಬಾಗಿಲಲ್ಲೇ ನಿಂತು ಎರಡು ಲಾಡು ನನ್ನ ಕೈಯಲ್ಲಿಟ್ಟಳು. "ಅಣ್ಣನಿಗೆ ಹೇಳಬೇಡಿ," ಎಂದು ಓಡಿದಳು.

ಮುಂದಿನ ಜನವರಿಯಲ್ಲಿ ಆ ಯಂತ್ರ ಕೆಟ್ಟು ನಿಂತಿತು. ಜರ್ಮನ್ ಬಲ್ಲ ಇನ್ನೊಬ್ಬರು ಸಿಗದೆ ಮ್ಯಾನೇಜರೇ ಕಾರು ಕಳಿಸಿದರು. ಯಂತ್ರದ ಪಕ್ಕ ಅದೇ ಸ್ಟೂಲು ಇತ್ತು, ಜಿಡ್ಡು ಇತ್ತು, ರಟ್ಟು ಇರಲಿಲ್ಲ. ಮಾದೇಶ್ ಸ್ಟೂಲನ್ನೂ ನೋಡಿದ, ನನ್ನನ್ನೂ ನೋಡಿದ, ಸ್ಪ್ಯಾನರ್ ತರಲು ಹೋದ. ನಾನೇ ಮೂಲೆಯಲ್ಲಿ ರಟ್ಟು ಹುಡುಕಿ, ಹರಿದು ಹಾಕಿಕೊಂಡು ಕುಳಿತೆ.

ಬ್ರಾಂಟ್ ಫೋನಿನಲ್ಲಿದ್ದರು. ಮುಕ್ಕಾಲು ಗಂಟೆ ಅವರು ಹೇಳಿದ್ದನ್ನು ನಾನು ಹೇಳಿದೆ, ಮಾದೇಶ್ ತಿರುಗಿಸಿದ, ಬಿಗಿದ. ಯಂತ್ರ ಓಡಿತು. ಕೊನೆಗೆ ಅವರು ಬೇರೆ ದನಿಯಲ್ಲಿ ಒಂದು ಪ್ರಶ್ನೆ ಕೇಳಿದರು. ನಾನು ರಿಸೀವರ್ ಮುಚ್ಚಿಕೊಂಡು ಮಾದೇಶನ ಕಡೆ ತಿರುಗಿದೆ.

"ಮೊಲ ಈಗಲೂ ಬರುತ್ತಾ ಅಂತ ಕೇಳ್ತಿದ್ದಾರೆ."

ಅವನು ಕೈಯನ್ನು ಹಳೆ ಬಟ್ಟೆಗೆ ಒರೆಸಿಕೊಂಡ. ಬೆರಳು ಬೆರಳಾಗಿ ಒರೆಸಿದ.

"ಮೊಲ ಬರಲ್ಲ ಅನ್ನಿ. ಈಗ ನನ್ ಬನ್ನ ನಾನೇ ಕೈಲಿಡ್ಕಂಡು ಗೇಟ್ ದಾಟ್ತೀನಿ, ಚೀಲ್ದಲ್ಲಿ ಆಕಲ್ಲ ಅನ್ನಿ. ಆದ್ರೆ ಕೂಸು ಕೇಳುದ್ರೆ ಮಾತ್ರ ಮೊಲ ಕೊಡ್ತು ಅಂತ್ಲೇ ಏಳ್ತೀನಿ ಅನ್ನಿ." ಒಂದು ಹೆಜ್ಜೆ ಹತ್ತಿರ ಬಂದ. "ಅಷ್ಟೂ ಏಳಿ. ಸಾರಾಂಸ ಬ್ಯಾಡ."

ನಾನು ಒಂದೊಂದೇ ಮಾತು ಜರ್ಮನಿಗೆ ಮಾಡಿ ಹೇಳಿದೆ. ಬನ್ನಿಗೆ, ಕೈಗೆ, ಗೇಟಿಗೆ, ಚೀಲಕ್ಕೆ, ಕೂಸಿಗೆ, ಎಲ್ಲಕ್ಕೂ ಪದ ಹುಡುಕಿದೆ. ಅಷ್ಟು ಹೊತ್ತೂ ಅವನು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ, ಎಲ್ಲಿ ಬಿಡುತ್ತೇನೋ ಎಂದು.